ಬಾಗಿಸಿದ ಅಕ್ಷರ, ಬರೆದ ಅಕ್ಷರ

ಹೋದ ವರ್ಷ ಅಮೆರಿಕದ ಸಿಯಾಟಲ್ ಪಕ್ಕದ ರೆಡ್ಮಂಡಿನ ಗೆಳೆಯರೊಬ್ಬರ ಮನೆಯಲ್ಲಿ ಮಗನ ಉಪನಯನ ಗೊತ್ತಾದಾಗ ಕರೆಯೋಲೆ ಸಿದ್ಧಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ಹಾಳೆಯ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಇಂಗ್ಲಿಷಿಗೆ ಮಾನೊಟೈಪ್ ಕೊರ್ಸಿವಾ ಹಾಕಿದೆ. ಲೇಖನಿಯಿಂದ ಆಗಷ್ಟೇ ಇಳಿದಂಥ ತೆಳು-ದಪ್ಪ ಗೆರೆ, ಬಲಕ್ಕೆ ಹಗುರವಾಗಿ ಒಲೆದ ನಿಲುವು, ದೊಡ್ಡಕ್ಷರಗಳಿಗೆ ಬೀಸಿಬಿಟ್ಟ ಬಾಲ. ಸಮಾರಂಭದ ಕಳೆ ಅಲ್ಲೇ ಬಂದುಬಿಟ್ಟಿತು. ಬಲಬದಿಯೂ ಹಾಗೇ ಕಾಣಲಿ ಎಂದು ಮನೆಯವರಿಗೆ ಆಸೆ. ವಿಂಡೋಸ್ ಜೊತೆ ಬರುವ ನಿರ್ಮಲಾ ಫಾಂಟಿನಲ್ಲಿದ್ದ ಕನ್ನಡವನ್ನೆಲ್ಲ ಆಯ್ದು, ಅಕ್ಷರ ಓರೆಮಾಡುವ ‘ಐ’ ಗುಂಡಿ ಒತ್ತಿದೆ. ಊರಿಂದ ಬಂದಿದ್ದ ಹುಡುಗನ ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, ‘ಗಾಳಿಮಳೆಗೆ ಮಲಗಿದ ಪೈರಿನ ಹಾಗಿದೆಯಲ್ಲಪ್ಪ’ ಎಂದರು.

ಅದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಅಕ್ಷರಕಲೆಯ ಯಾವ ಪುಸ್ತಕದಲ್ಲೂ ಓದಿಲ್ಲ. ಎರಡೂ ಕಡೆ ಅಕ್ಷರ ಬಾಗಿದ್ದು ಬಲಕ್ಕೇ. ಎಡಗಡೆ ಅದು ನಡಿಗೆಯಾಗಿ ಕಂಡಿತು, ಬಲಗಡೆ ಬಿದ್ದಂತೆ ಕಂಡಿತು. ಯಾಕೆ ಎಂದು ಯೋಚಿಸುತ್ತ ಹೋದಂತೆ ಕನ್ನಡದ ಪುಟಕ್ಕೆ ಏನು ಬೇಕು, ಏನು ಬೇಡ ಎಂಬ ಪ್ರಶ್ನೆಯೇ ಎದುರಾಯಿತು.

ಕೊರ್ಸಿವಾ ಫಾಂಟನ್ನು ಬಿಡಿಸಿದವರು ಪೆಟ್ರಿಷಿಯಾ ಸಾಂಡರ್ಸ್. ಅವರು ಮಾದರಿಯಾಗಿ ಹಿಡಿದದ್ದು 16ನೇ ಶತಮಾನದ ಇಟಲಿಯ ಬರವಣಿಗೆಯನ್ನು, ಅದರಲ್ಲೂ ಲುಡೊವಿಕೊ ಅರಿಗಿ ಎಂಬ ಲಿಪಿಕಾರನ ಕೈಯನ್ನು. ಅರಿಗಿ ಪೋಪರ ಕಚೇರಿಯಲ್ಲಿ ಬರೆಯುತ್ತಿದ್ದವನು. ಆ ಬರಹವನ್ನು ಕಲಿಸಲೆಂದೇ ಒಂದು ಕೈಪಿಡಿ ಮಾಡಿದ, ಅದರ ಮೇಲೆ 1522 ಎಂಬ ವರ್ಷವಿದೆ. ಆದರೆ ಇಟಾಲಿಕ್ ಎಂದು ನಾವು ಕರೆಯುವ ಈ ಬಗೆಯ ಅಕ್ಷರ ಅಚ್ಚಿಗೆ ಬಂದದ್ದು ಅದಕ್ಕೂ ಮೊದಲು. ವೆನಿಸ್ಸಿನ ಪ್ರಕಾಶಕ ಆಲ್ಡಸ್ ಮನೂಷಿಯಸ್, ಬೊಲೋನ್ಯಾದ ಫ್ರಾಂಚೆಸ್ಕೊ ಗ್ರಿಫೊನಿಂದ ಅಚ್ಚುಮೊಳೆ ಕೊರೆಯಿಸಿ, 1501ರಲ್ಲಿ ವರ್ಜಿಲನ ಕಾವ್ಯವನ್ನು ಆದಿಯಿಂದ ಅಂತ್ಯದವರೆಗೆ ಆ ಅಕ್ಷರದಲ್ಲೇ ಮುದ್ರಿಸಿದ. ಕೈಯಲ್ಲಿ ಹಿಡಿದು ಓಡಾಡಬಹುದಾದ ಚಿಕ್ಕ ಪುಸ್ತಕ ಅದು. ಅಂದಿನ ವಿದ್ಯಾವಂತರು ತಮ್ಮ ಟಿಪ್ಪಣಿಗಳನ್ನು ಬೇಗ ಬೇಗ ಬರೆದುಕೊಳ್ಳುತ್ತಿದ್ದ ಕೈಬರಹವೇ ಪುಸ್ತಕದ ಅಕ್ಷರವಾಯಿತು.

ಆ ವರ್ಜಿಲ್ ಪುಟದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದೊಡ್ಡಕ್ಷರಗಳು ಅಲ್ಲಿ ನೆಟ್ಟಗೆ ನಿಂತಿವೆ. ಸಣ್ಣಕ್ಷರಗಳ ಓರೆಯೂ ತೀರ ಕಡಿಮೆ. ಆದರೂ ಅದನ್ನು ಇಟಾಲಿಕ್ ಅಲ್ಲ ಎಂದು ಯಾರೂ ಹೇಳಲಾರರು. ಯಾಕೆಂದರೆ ಅಕ್ಷರದ ಕಟ್ಟೋಣವೇ ಬೇರೆಯಾಗಿದೆ. ಎರಡು ಅಂತಸ್ತಿನ ‘ಎ’ ಒಂದೇ ಬಟ್ಟಲಾಗಿದೆ. ‘ಎಫ್’ ಗೆರೆಯ ಕೆಳಗೆ ಇಳಿದಿದೆ. ‘ಎನ್’ ಅಕ್ಷರದ ಕಮಾನು ಕಂಬದ ತಲೆಯಲ್ಲಿ ಹುಟ್ಟುವ ಬದಲು ಬುಡದಿಂದಲೇ ಕವಲೊಡೆದು ಮೇಲೇರುತ್ತದೆ, ಏಕೆಂದರೆ ಬರೆಯುವವನು ಲೇಖನಿ ಎತ್ತಿಲ್ಲ. ಕೊನೆಯ ಗೆರೆ ಮುಂದಿನ ಅಕ್ಷರದತ್ತ ಕೈಚಾಚಿರುತ್ತದೆ. ಸೆರಿಫ್ ಎಂದು ಕರೆಯುವ ಮೊನೆಗಟ್ಟು ನೆಟ್ಟ ಅಕ್ಷರದಲ್ಲಿ ಪೀಠದ ಹಾಗೆ ಕೂತಿದ್ದರೆ, ಇಲ್ಲಿ ಒಳಬರುವ ಮತ್ತು ಹೊರಹೋಗುವ ಚಲನೆಯಾಗಿ ಬದಲಾಗಿದೆ. ಓರೆ ಎಂಬುದು ಇಷ್ಟೆಲ್ಲ ಆದಮೇಲೆ ವೇಗದಿಂದ ತಾನಾಗಿ ಬಂದದ್ದು. ಬಿರುಸಾಗಿ ನಡೆಯುವವನ ಮೈ ಮುಂದಕ್ಕೆ ಬಾಗುತ್ತದೆ. ನಿಂತವನನ್ನು ಹಿಡಿದು ಬಾಗಿಸಿದರೆ ಅವನು ನಡೆದಂತಾಗುವುದಿಲ್ಲ.

ಇದನ್ನು ಬಲ್ಲವರೂ ತಪ್ಪಿದ್ದುಂಟು. 1926ರಲ್ಲಿ ಇಂಗ್ಲೆಂಡಿನ ಅಕ್ಷರ ಪಂಡಿತ ಸ್ಟ್ಯಾನ್ಲಿ ಮಾರಿಸನ್ ಒಂದು ಪ್ರಬಂಧ ಬರೆದು, ಆದರ್ಶ ಇಟಾಲಿಕ್ ಎಂದರೆ ನೆಟ್ಟ ಅಕ್ಷರವನ್ನೇ ಓರೆಮಾಡಿದ ರೂಪ ಎಂದು ವಾದಿಸಿದರು. ಪುಟದ ಉಳಿದ ಅಕ್ಷರಗಳೊಂದಿಗೆ ಅದು ಹೊಂದಿಕೊಳ್ಳುತ್ತದೆ ಎಂಬುದು ಅವರ ತರ್ಕ. ಕಾಗದದ ಮೇಲೆ ತರ್ಕ ಚೆನ್ನಾಗಿಯೇ ಇತ್ತು. ಎರಿಕ್ ಗಿಲ್ ಅವರ ಪರ್ಪೆಚುವಾ ಎಂಬ ಅಕ್ಷರಕ್ಕೆ ಆ ದಾರಿಯಲ್ಲಿ ಪ್ರಯತ್ನ ನಡೆಯಿತು, ಯಾನ್ ವಾನ್ ಕ್ರಿಂಪೆನ್ ತಮ್ಮ ರೋಮ್ಯುಲಸ್‌ಗೆ ಬರೀ ಓರೆಮಾಡಿದ ಜೊತೆಗಾರನನ್ನು ಕೊಟ್ಟರು. ಓದುವ ಕಣ್ಣು ಅದನ್ನು ಬೇರೆ ದನಿ ಎಂದು ಗುರುತಿಸಲಿಲ್ಲ. ಅದೇ ದನಿ, ಸ್ವಲ್ಪ ವಾಲಿದೆ ಅಷ್ಟೆ. ಕೊನೆಗೆ ಮಾರಿಸನ್ನರೇ ತಮ್ಮ ಸಿದ್ಧಾಂತವನ್ನು ಸಡಿಲಿಸಿದರು. ಒಂದು ಭಾಷೆ ಹೀಗೆ ಪ್ರಯೋಗ ಮಾಡಿ, ಸೋತು, ಕಲಿತ ಪಾಠವನ್ನು ನಾವು ಕನ್ನಡಕ್ಕೆ ತರಲೇ ಇಲ್ಲ ಎಂಬುದು ನನ್ನ ವ್ಯಥೆ. ನಮಗೆ ಬಂದದ್ದು ಗುಂಡಿ ಮಾತ್ರ.

ಆ ಗುಂಡಿ ಬಂದದ್ದು ನಾನೀಗ ಇರುವ ಊರಿನಿಂದಲೇ. 1984ರಲ್ಲಿ ಪಾಲ್ ಬ್ರೈನೆರ್ಡ್ ಸಿಯಾಟಲಿನಲ್ಲಿ ಒಂದು ಕಂಪನಿ ಕಟ್ಟಿ ಅದಕ್ಕೆ ಆಲ್ಡಸ್ ಎಂದು ಹೆಸರಿಟ್ಟರು, ವೆನಿಸ್ಸಿನ ಅದೇ ಆಲ್ಡಸ್‌ನ ನೆನಪಿಗೆ. ಅವನ ಮುಖಚಿತ್ರವೇ ಕಂಪನಿಯ ಲಾಂಛನ. ಹಳೆಯ ಇಟ್ಟಿಗೆ ಕಟ್ಟಡಗಳ ಪಯನಿಯರ್ ಸ್ಕ್ವೇರಿನಲ್ಲಿ ಕಚೇರಿ. ಪುಟ ಕಟ್ಟುವ ಅವರ ತಂತ್ರಾಂಶ ಪೇಜ್‌ಮೇಕರ್ 1985ರಲ್ಲಿ ಹೊರಬಂತು. ‘ಡೆಸ್ಕ್‌ಟಾಪ್ ಪಬ್ಲಿಷಿಂಗ್’ ಎಂಬ ಮಾತನ್ನು ಬಳಕೆಗೆ ತಂದವರೂ ಬ್ರೈನೆರ್ಡ್ ಅವರೇ. 1994ರಲ್ಲಿ ಆಲ್ಡಸ್ ಕಂಪನಿ ಅಡೋಬಿಯಲ್ಲಿ ಸೇರಿಹೋಯಿತು. ಇಷ್ಟು ಹೊತ್ತಿಗೆ ನಮ್ಮ ಕಡೆ ತಾಲ್ಲೂಕು ಕೇಂದ್ರಗಳಲ್ಲೂ ‘ಡಿಟಿಪಿ ಮಾಡಿಕೊಡಲಾಗುತ್ತದೆ’ ಎಂಬ ಬೋರ್ಡು ಏಳತೊಡಗಿತ್ತು. ಕೋರ್ಟಿನ ಎದುರು, ಬಸ್‌ಸ್ಟ್ಯಾಂಡಿನ ಪಕ್ಕ, ಒಂದು ಕಂಪ್ಯೂಟರು, ಅದರೊಳಗೆ ಪೇಜ್‌ಮೇಕರ್, ಕನ್ನಡಕ್ಕೆ ಶ್ರೀಲಿಪಿ ತಂತ್ರಾಂಶ, ಮುಂದೆ ನುಡಿ. ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ಕವನ ಸಂಕಲನ ಎಲ್ಲವೂ ಅಲ್ಲೇ ರೂಪುಗೊಂಡವು. ಡಿಟಿಪಿ ಎಂಬ ಮೂರಕ್ಷರ ಕನ್ನಡದ್ದೇ ಮಾತಾಗಿಬಿಟ್ಟಿತು.

ಮೊಳೆ ಜೋಡಿಸುವ ಕಾಲದಲ್ಲಿ ಸಾಮಾನ್ಯ ಮುದ್ರಣಾಲಯದ ಕೇಸಿನಲ್ಲಿ ಓರೆ ಕನ್ನಡ ಮೊಳೆ ಅಪರೂಪ. ಒತ್ತು ಬೇಕಾದರೆ ದಪ್ಪ ಮೊಳೆ, ಇಲ್ಲವೇ ದೊಡ್ಡ ಮೊಳೆ. ಯಾರಾದರೂ ಕೊರೆಯದೆ ಅಲ್ಲಿ ಅಕ್ಷರವಿಲ್ಲ. ಪೇಜ್‌ಮೇಕರಿನಲ್ಲಿ ಯಾರೂ ಕೊರೆಯದ ಅಕ್ಷರವೂ ಸಿಕ್ಕಿತು: ಗುಂಡಿ ಒತ್ತಿದರೆ ಯಂತ್ರ ಇದ್ದ ಅಕ್ಷರವನ್ನೇ ತಳ್ಳಿ ಓರೆಮಾಡುತ್ತದೆ. ಆಲ್ಡಸ್ ಮನೂಷಿಯಸ್ ಕೈಬರಹದ ಪ್ರೀತಿಯಿಂದ ಮಾಡಿಸಿದ ವಸ್ತುವಿನ ಹೆಸರು, ಅವನದೇ ಹೆಸರು ಹೊತ್ತ ತಂತ್ರಾಂಶದ ಮೂಲಕ, ಆ ಕೈಬರಹದ ಗಂಧವಿಲ್ಲದೆ ನಮ್ಮನ್ನು ತಲುಪಿತು.

ಹೀಗೆ ತಳ್ಳಿದಾಗ ಕನ್ನಡಕ್ಕೆ ಏನಾಗುತ್ತದೆ ಎಂಬುದನ್ನು ಯಾರಾದರೂ ಪರದೆಯ ಮೇಲೆ ದೊಡ್ಡದು ಮಾಡಿ ನೋಡಬಹುದು. ರೋಮನ್ ಅಕ್ಷರದಲ್ಲಿ ನೆಟ್ಟ ಕಂಬಗಳು ಬಹಳ. ಅವೆಲ್ಲ ಒಟ್ಟಿಗೆ ವಾಲಿದಾಗ ಒಂದು ಲಯವಾದರೂ ಹುಟ್ಟುತ್ತದೆ. ಕನ್ನಡದಲ್ಲಿ ಕಂಬವೇ ಇಲ್ಲ. ನಮ್ಮ ಅಕ್ಷರ ಬಟ್ಟಲು, ಸುಳಿ, ಕೊಂಬುಗಳಿಂದ ಆದದ್ದು. ವೃತ್ತವನ್ನು ತಳ್ಳಿದರೆ ಅದು ಒಂದು ಮೂಲೆಗೆ ಎಳೆದ ಮೊಟ್ಟೆಯಾಗುತ್ತದೆ, ಗೆರೆಯ ದಪ್ಪ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗುತ್ತದೆ. ‘ಠ’, ‘ರ’, ‘ಬ’ಗಳಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಇನ್ನೂ ದೊಡ್ಡ ಪೆಟ್ಟು ಒತ್ತಕ್ಷರಕ್ಕೆ. ತಳ್ಳುವ ಲೆಕ್ಕದಲ್ಲಿ ಗೆರೆಯ ಮೇಲಿದ್ದದ್ದು ಬಲಕ್ಕೆ ಹೋದರೆ, ಗೆರೆಯ ಕೆಳಗಿದ್ದದ್ದು ಎಡಕ್ಕೆ ಸರಿಯುತ್ತದೆ. ‘ಶಾಸ್ತ್ರ’, ‘ರಾಷ್ಟ್ರ’ ಎಂದು ಬರೆದು ಓರೆಮಾಡಿ ನೋಡಿ: ತಲಕಟ್ಟು ಪೂರ್ವಕ್ಕೆ, ಒತ್ತು ಪಶ್ಚಿಮಕ್ಕೆ. ತನ್ನ ಅಕ್ಷರದ ಬಲ ಮಗ್ಗುಲಲ್ಲಿ ಕೂತಿರಬೇಕಾದ ಒತ್ತು ಹಿಂದಿನ ಅಕ್ಷರದ ಬುಡಕ್ಕೆ ಹೋಗಿ ತಗಲುತ್ತದೆ. ಚಿಕ್ಕ ಗಾತ್ರದಲ್ಲಿ ಓದುವ ಮಕ್ಕಳು ಇಲ್ಲೇ ಎಡವುವುದು. ಇಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ಕಾಗುಣಿತ ಕಲಿಯುವ ಮಕ್ಕಳಿಗೆ ಶೀರ್ಷಿಕೆಗಳೆಲ್ಲ ಓರೆಯಾಗಿದ್ದ ಹಾಳೆಯೊಂದನ್ನು ಕೊಟ್ಟು, ಅವರು ಒತ್ತನ್ನು ತಪ್ಪು ಅಕ್ಷರಕ್ಕೆ ಸೇರಿಸಿ ಓದುವುದನ್ನು ಕಂಡಮೇಲೆ ನಾನು ಆ ಗುಂಡಿಯನ್ನು ಕನ್ನಡಕ್ಕೆ ಒತ್ತಿಲ್ಲ, ಕರೆಯೋಲೆಯ ಆ ಒಂದು ದಿನದ ಹೊರತು.

ಹಾಗಾದರೆ ಕನ್ನಡಕ್ಕೆ ಇಟಾಲಿಕ್ಕೇ ಬೇಡ ಎನ್ನಬಹುದಲ್ಲ? ಹಾಗೆನ್ನುವವರ ವಾದದಲ್ಲಿ ಬಲವಿದೆ, ಅದನ್ನು ಅವರಿಗಿಂತ ಗಟ್ಟಿಯಾಗಿ ನಾನೇ ಮಂಡಿಸಬಲ್ಲೆ. ಇಂಗ್ಲಿಷಿನಲ್ಲಿ ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಅದನ್ನು ಓರೆಮಾಡಿ ಅಚ್ಚುಹಾಕುತ್ತಾರೆ, ಏಕೆಂದರೆ ಮಾತಿನಲ್ಲಿ ಅದು ಬರೀ ದನಿಯ ಏರಿಳಿತ. ಕನ್ನಡಕ್ಕೆ ಆ ಬಡತನವಿಲ್ಲ. ‘ನಾನು ಬಂದೆ’, ‘ನಾನೇ ಬಂದೆ’, ‘ನಾನೂ ಬಂದೆ’, ‘ಬಂದೇ ಬಂದೆ’ ಎಂದು ಒತ್ತು ಪದದ ಮೈಯಲ್ಲೇ ಇದೆ. ಪದಗಳ ಸ್ಥಾನ ಬದಲಿಸಿ ‘ಬಂದದ್ದು ನಾನು’ ಎಂದರೂ ಆಯಿತು. ಒತ್ತಿಗಾಗಿ ಅಕ್ಷರ ಬಾಗಿಸುವುದು ಇಂಗ್ಲಿಷ್ ವ್ಯಾಕರಣದ ಕೊರತೆಯನ್ನು ನಮ್ಮ ಪುಟಕ್ಕೆ ಹೊತ್ತು ತಂದಂತೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಒತ್ತು ಇಟಾಲಿಕ್ಕಿನ ಒಂದು ಉಪಯೋಗ ಮಾತ್ರ. ಮೊದಲ ಉಪಯೋಗವಂತೂ ಅಲ್ಲ. ಒಂದೇ ಪುಟದಲ್ಲಿ ಎರಡು ದನಿಗಳನ್ನು ಕೂರಿಸುವುದು ಅದರ ನಿಜವಾದ ಕೆಲಸ. ಕನ್ನಡದ ಪುಟಕ್ಕೆ ಈ ಎರಡನೆಯ ದನಿ ಎಷ್ಟು ಬೇಕಾಗಿದೆ ನೋಡಿ. ನಾಟಕದ ರಂಗಸೂಚನೆಗಳನ್ನು ಕಂಸದೊಳಗೆ ಕೂಡಿಹಾಕುತ್ತೇವೆ. ಪುಸ್ತಕದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುತ್ತೇವೆ; ಅದು ಸಂಭಾಷಣೆಯ ನಡುವೆ ಬಂದರೆ ಚಿಹ್ನೆಯ ಒಳಗೆ ಚಿಹ್ನೆ ತುಂಬಿ ಸಾಲು ಮುಳ್ಳುಬೇಲಿಯಾಗುತ್ತದೆ. ಕಾದಂಬರಿಯ ಪಾತ್ರವೊಂದು ಪತ್ರ ಬರೆದರೆ ಆ ಪತ್ರಕ್ಕೂ ಕಥನಕ್ಕೂ ಅಕ್ಷರದಲ್ಲಿ ಭೇದವಿಲ್ಲ. ಹಳಗನ್ನಡ ಕಾವ್ಯದ ಮೂಲವನ್ನೂ ಹೊಸಗನ್ನಡದ ಗದ್ಯಾನುವಾದವನ್ನೂ ಒಟ್ಟಿಗೆ ಮುದ್ರಿಸುವಾಗ ಮೂಲವನ್ನು ದಪ್ಪ ಅಕ್ಷರದಲ್ಲಿ ಹಾಕುವುದು ರೂಢಿ. ದಪ್ಪ ಅಕ್ಷರ ಕೂಗುತ್ತದೆ, ಕಾವ್ಯ ಕೂಗುವ ವಸ್ತುವಲ್ಲ. ಕರಾವಳಿಯ ಲೇಖಕರು ಕನ್ನಡದ ನಡುವೆ ತುಳು ಕೊಂಕಣಿಗಳ ಮಾತನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಅವನ್ನು ಪರಕೀಯವೆಂಬಂತೆ ಬೇರೆ ಅಕ್ಷರದಲ್ಲಿ ಎತ್ತಿ ತೋರಿಸುವುದು ನನಗೆ ಹಿಡಿಸದು, ತುಳು ಅಲ್ಲಿ ಹೊರಗಿನದಲ್ಲ. ಆದರೆ ಅಜ್ಜಿ ಹಾಡಿದ ಪಾಡ್ದನದ ಸಾಲು ಕಥೆಯ ನಡುವೆ ಬಂದಾಗ ಅದು ಹಾಡೆಂದು ಕಣ್ಣಿಗೆ ತಿಳಿಯುವಂತಿದ್ದರೆ ಎಷ್ಟು ಚೆನ್ನ.

ಬೇಕಾದದ್ದು ಇದಾದರೆ, ಅದನ್ನು ಎಲ್ಲಿಂದ ತರುವುದು? ಅರಿಗಿಯ ಶೈಲಿಗೆ ಇಂಗ್ಲಿಷಿನಲ್ಲಿ ‘ಚಾನ್ಸರಿ’ ಬರಹ ಎನ್ನುತ್ತಾರೆ. ಚಾನ್ಸರಿ ಎಂದರೆ ಕಚೇರಿ. ಲೆಕ್ಕ, ಆಜ್ಞೆ, ಪತ್ರಗಳನ್ನು ದಿನವಿಡೀ ಬರೆಯಬೇಕಾದ ಗುಮಾಸ್ತನ ಕೈ ತಾನಾಗಿ ಕಂಡುಕೊಂಡ ಸುಲಭ ದಾರಿ ಅದು. ಅಂಥ ಕಚೇರಿ ಬರಹ ಕನ್ನಡಕ್ಕೂ ಇತ್ತು. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಕಪ್ಪು ಕಡತ ಮಾಡಿಕೊಂಡು, ಬಿಳಿಯ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಶಾನುಭೋಗರು, ಸಾಹುಕಾರರ ಗುಮಾಸ್ತರು ಬಳಸುತ್ತಿದ್ದ ಮೋಡಿ ಬರಹದಲ್ಲಿ ಕೈ ಎತ್ತದೆ ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡು ಹೋಗುತ್ತದೆ. ಕಂಠ ಎಂಬ ಮೊನೆಗಡ್ಡಿಯಿಂದ ತಾಳೆಗರಿ ಕೊರೆಯುವವನು ಹೀಗೆ ಓಡಲಾರ, ಎಲೆ ಸೀಳುತ್ತದೆ. ಅವನ ಅಕ್ಷರ ಗುಂಡಗೆ, ಬಿಡಿಬಿಡಿಯಾಗಿ, ನಿಧಾನವಾಗಿ ನಿಂತಿತು. ನಮ್ಮ ಅಚ್ಚಿನ ಅಕ್ಷರ ಬಹುಮಟ್ಟಿಗೆ ಆ ನಿಂತ ಅಕ್ಷರದ ಸಂತಾನ. ಓಡುವ ಅಕ್ಷರಕ್ಕೆ ಅಚ್ಚಿನಲ್ಲಿ ವಾರಸುದಾರರಿಲ್ಲದಂತಾಯಿತು.

ಒಂದು ಗಳಿಗೆ ಅದಕ್ಕೂ ಅವಕಾಶವಿತ್ತು ಅನಿಸುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಇಟ್ಟದ್ದು ಕಲ್ಲಚ್ಚು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ ಮೊದಲು ಮುದ್ರಣವಾದದ್ದು ಅದರಲ್ಲೇ. ಕಲ್ಲಚ್ಚಿನಲ್ಲಿ ಮೊಳೆಯಿಲ್ಲ, ಕೈಯಲ್ಲಿ ಬರೆದದ್ದೇ ಮುದ್ರಣ. ಅಂದರೆ ಕನ್ನಡದ ಮೊದಲ ಪತ್ರಿಕೆ ಓದುಗರ ಕೈಸೇರಿದ್ದು ಕೈಬರಹವಾಗಿ. ಪತ್ರಿಕೆ ಮುಂದೆ ಬಳ್ಳಾರಿಗೆ, ಮೊಳೆಗೆ ಹೋಯಿತು. ಮೊಳೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೆನಿಸ್ಸಿನಲ್ಲಿ ಗ್ರಿಫೊ ಮಾಡಿದ ಹಾಗೆ ಆ ಕೈಬರಹವನ್ನೂ ಮೊಳೆಗೆ ಇಳಿಸಿ ನೆಟ್ಟ ಅಕ್ಷರದ ಪಕ್ಕ ಇಡುವ ಕೆಲಸ ಉಳಿದುಹೋಯಿತು.

ಈಗ ಮೋಡಿಯನ್ನೇ ಮರಳಿ ತನ್ನಿ ಎಂದು ನಾನು ಹೇಳಲಾರೆ, ಅದನ್ನು ಇಂದು ಓದಬಲ್ಲವರು ಬೆರಳೆಣಿಕೆಯಷ್ಟು. ತೆಗೆದುಕೊಳ್ಳಬೇಕಾದದ್ದು ಅದರ ಚಲನೆಯನ್ನು. ಆ ಚಲನೆ ಇನ್ನೂ ಸತ್ತಿಲ್ಲ. ನನ್ನ ತಂದೆಯ ಇನ್‌ಲ್ಯಾಂಡ್ ಪತ್ರಗಳನ್ನು ತೆಗೆದು ನೋಡಿದರೆ, ಅವರ ತಲಕಟ್ಟು ಬೇರೆಯಾಗಿ ಕೂತ ಟೋಪಿಯಲ್ಲ. ಅಕ್ಷರ ಮುಗಿಸಿದ ಗೆರೆಯೇ ಮೇಲೆದ್ದು ತಲಕಟ್ಟಾಗಿ ಮುಂದಿನ ಅಕ್ಷರಕ್ಕೆ ಹಾಯುತ್ತದೆ. ದೀರ್ಘ ಬಾಲದಂತೆ ಸಾಲಿನಾಚೆ ಚಿಮ್ಮುತ್ತದೆ. ಮೇಲಿನ ಅಕ್ಷರದಿಂದ ಒತ್ತಿಗೆ ಇಳಿಯುವಾಗ ಪೆನ್ನು ಎತ್ತಿಲ್ಲ. ಇಷ್ಟಾಗಿಯೂ ಅವರ ಅಕ್ಷರ ಬಲಕ್ಕೆ ವಾಲಿಲ್ಲ, ನೆಟ್ಟಗೇ ಇದೆ. ಕನ್ನಡದ ನಿಜವಾದ ಇಟಾಲಿಕ್ ಓರೆಯಾಗಿರಲೇಬೇಕಿಲ್ಲ ಎಂಬ ನಂಬಿಕೆ ನನಗೆ ಬಂದದ್ದು ಆ ನೀಲಿ ಹಾಳೆಗಳಿಂದ.

ತಾಂತ್ರಿಕವಾಗಿ ಅಡ್ಡಿ ಏನೂ ಇಲ್ಲ. 2009ರಲ್ಲಿ ವಿಂಡೋಸ್ 7ರ ಜೊತೆ ಗೇಬ್ರಿಯೋಲಾ ಎಂಬ ಫಾಂಟ್ ಬಂತು. ಮಾಡಿದವರು ಜಾನ್ ಹಡ್ಸನ್. ಹೆಸರು ಇಲ್ಲಿಂದ ಉತ್ತರಕ್ಕೆ ಕೆನಡಾದ ಕಡಲಲ್ಲಿರುವ ಒಂದು ದ್ವೀಪದ್ದು. ನೆರೆಯ ಅಕ್ಷರ ಯಾವುದು ಎಂದು ನೋಡಿ ಅದರಲ್ಲಿ ಅಕ್ಷರದ ಬಾಲ, ಬಳುಕು, ಜೋಡಣೆ ತಾನೇ ಬದಲಾಗುತ್ತದೆ. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಪ್ರಕಟಿಸಿದ ಓಪನ್‌ಟೈಪ್ ವ್ಯವಸ್ಥೆಯಿಂದ ಅದು ಸಾಧ್ಯವಾದದ್ದು. ‘ಕ’ ಕೆಳಗೆ ‘ತ’ ಒತ್ತು ತಂದು ಕೂರಿಸುವುದೂ, ಗುಡಿಸು ಹತ್ತಿದಾಗ ತಲಕಟ್ಟು ತೆಗೆಯುವುದೂ ಅದೇ ಓಪನ್‌ಟೈಪ್. ಇಂಗ್ಲಿಷಿಗೆ ಶೃಂಗಾರವಾದ ಯಂತ್ರಶಕ್ತಿ ಕನ್ನಡಕ್ಕೆ ಅನ್ನ. ಅನ್ನಕ್ಕೆ ಬಳಸಿದ ಒಲೆಯಲ್ಲೇ ಪಾಯಸವನ್ನೂ ಮಾಡಬಹುದು.

ಮೈಕ್ರೋಸಾಫ್ಟಿನ ಊರಾದ ರೆಡ್ಮಂಡಿನಿಂದ ಕನ್ನಡಕ್ಕೆ ಸಂದದ್ದು ಸಣ್ಣದಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ ತುಂಗಾ ಬಂತು, ಹಿರಿಯ ಅಕ್ಷರಕಲಾವಿದ ರ.ಕೃ. ಜೋಶಿಯವರ ಮಾರ್ಗದರ್ಶನದಲ್ಲಿ. 2012ರಲ್ಲಿ ವಿಂಡೋಸ್ 8ರೊಂದಿಗೆ ನಿರ್ಮಲಾ ಬಂತು. ಎರಡಕ್ಕೂ ಇಟಾಲಿಕ್ ಜೊತೆಗಾರ ಇಲ್ಲ. ಅದೇ ಊರಿಗಾಗಿ ಮ್ಯಾಥ್ಯೂ ಕಾರ್ಟರ್ 1996ರಲ್ಲಿ ಜಾರ್ಜಿಯಾ ಮಾಡಿಕೊಟ್ಟಾಗ, ಅಂದಿನ ಒರಟು ಪರದೆಯ ಬೆರಳೆಣಿಕೆಯ ಚುಕ್ಕೆಗಳಲ್ಲೂ ಅದಕ್ಕೊಂದು ನಿಜವಾದ, ಬರವಣಿಗೆಯ ಚಲನೆಯಿರುವ ಇಟಾಲಿಕ್ ಬಿಡಿಸಿಕೊಟ್ಟರು. ಗೂಗಲ್ಲಿನ ನೋಟೊ ಸೆರಿಫ್ ಕನ್ನಡಕ್ಕೆ ಎಷ್ಟೊಂದು ದಪ್ಪಗಳಿವೆ, ಇಟಾಲಿಕ್ ಇಲ್ಲ. ಹಾರ್ವರ್ಡ್ ಪ್ರಕಟಿಸುವ ಮೂರ್ತಿ ಗ್ರಂಥಮಾಲೆಯ ಅಕ್ಷರಗಳಿಂದ ಬೆಳೆದ ಟೈರೋ ಕನ್ನಡದಲ್ಲಿ ಇಟಾಲಿಕ್ ಶೈಲಿಯೂ ಸೇರಿದೆ ಎಂಬುದು ನನಗೆ ಧೈರ್ಯ ಕೊಟ್ಟ ಸಂಗತಿ; ಕನ್ನಡದ ಪುಟಕ್ಕೆ ಜೊತೆ ಅಕ್ಷರ ಬೇಕು ಎಂದು ಅಕ್ಷರ ಮಾಡುವವರೂ ಒಪ್ಪಿದ್ದಾರೆ. ಇನ್ನು ಕೇಳಬೇಕಾದವರು ನಾವು. ಈ ಕಂಪನಿಗಳ ಕಟ್ಟಡಗಳಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವ ಕನ್ನಡಿಗರು ಎಷ್ಟೋ ಮಂದಿ. ಫಾಂಟ್ ಕೇಳುವಾಗ ‘ಇಟಾಲಿಕ್ ಕೊಡಿ’ ಎಂದರೆ ಓರೆಮಾಡಿ ಕೊಡುತ್ತಾರೆ. ‘ಕಡತದ ಕೈ ಕೊಡಿ, ಪತ್ರದ ಕೈ ಕೊಡಿ’ ಎಂದು ಹಳೆಯ ಹಾಳೆಗಳ ಸಮೇತ ಕೇಳಬೇಕು.

ಕೊರ್ಸಿವಾದಂಥ ಅಕ್ಷರವನ್ನು ಬಳಸುವಲ್ಲೂ ಒಂದು ಮಾತಿದೆ. ನಮ್ಮವರ ಕರೆಯೋಲೆಗಳಲ್ಲಿ ವಧೂವರರ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ, ಅದೂ ಬಾಲವಿರುವ ದೊಡ್ಡಕ್ಷರದಲ್ಲಿ ಹಾಕುವುದನ್ನು ಮತ್ತೆ ಮತ್ತೆ ಕಾಣುತ್ತೇನೆ. ಆ ದೊಡ್ಡಕ್ಷರ ಪದದ ಮೊದಲಲ್ಲಿ ಒಂಟಿಯಾಗಿ ನಿಲ್ಲಲೆಂದು ಬಿಡಿಸಿದ್ದು. ಹತ್ತು ಸೇರಿದರೆ ಬಾಲಕ್ಕೆ ಬಾಲ ತೊಡರಿ ಹೆಸರೇ ಓದಲು ಬಾರದು. ಇಂಥ ಅಕ್ಷರ ನಾಲ್ಕಾರು ಸಾಲಿಗೆ ಚಂದ, ನಾಲ್ಕು ಪುಟಕ್ಕೆ ಆಯಾಸ. ಮುಂದೆಂದೋ ಕನ್ನಡಕ್ಕೆ ಬರುವ ಇಟಾಲಿಕ್ಕಿಗೂ ಈ ಮಿತಿ ಇರಲೇಬೇಕು.

ಕರೆಯೋಲೆ ಕೊನೆಗೆ ಹೀಗಾಯಿತು. ಅಜ್ಜಿಯ ಮುಂದೆ ಬಿಳಿಹಾಳೆ, ಅಗಲ ಮೊನೆಯ ಕಪ್ಪು ಪೆನ್ನು ಇಟ್ಟೆ. ‘ನನ್ನ ಕೈ ನಡುಗತ್ತೆ, ಬೇಡಪ್ಪ’ ಎಂದವರು, ಮೊಮ್ಮಗ ಪಕ್ಕ ಬಂದು ಕೂತಮೇಲೆ ಬರೆದರು. ಎರಡು ಹಾಳೆ ಹರಿದು ಹಾಕಿ ಮೂರನೆಯದನ್ನು ಕೊಟ್ಟರು. ಅದನ್ನು ಸ್ಕ್ಯಾನ್ ಮಾಡಿ ಬಲಬದಿಗೆ ಇಟ್ಟೆ. ಎಡಕ್ಕೆ ಪೋಪರ ಗುಮಾಸ್ತನ ಕೈ, ಬಲಕ್ಕೆ ತೀರ್ಥಹಳ್ಳಿಯ ಶಾನುಭೋಗರ ಮಗಳ ಕೈ. ಮೇಲಿನ ‘ಶ್ರೀ’ಯ ದೀರ್ಘವನ್ನು ಅವರು ಹಾಳೆಯ ಅಂಚಿನವರೆಗೂ ಎಳೆದಿದ್ದರು. ಮುದ್ರಕರು ಅಷ್ಟು ಅಂಚು ಕತ್ತರಿಯಲ್ಲಿ ಹೋಗುತ್ತದೆ ಎಂದಾಗ, ಹಾಳೆಯನ್ನೇ ಅರ್ಧ ಇಂಚು ಅಗಲ ಮಾಡಿಸಿದೆವು.